ಶಿಶುವಿಹಾರದಲ್ಲಿ ಎಳ್ಳು-ಬೆಲ್ಲದ ಪಾಠ

ಪುಷ್ಯಮಾಸದ ಚಳಿಯಲ್ಲಿ ಶಿಶುವಿಹಾರದ ಕಲಿಕೆಗೆ ಎಳ್ಳು-ಬೆಲ್ಲಕ್ಕಿಂತ ಉತ್ತಮ ಸಾಮಗ್ರಿ ಬೇಕಿಲ್ಲ. ಎಳೆಬಿಸಿಲಿನಲ್ಲಿ ಕುಳಿತ ಮಕ್ಕಳು ಎಳ್ಳು, ಬೆಲ್ಲ, ಕೊಬ್ಬರಿ, ಶೇಂಗಾಗಳ ಬಣ್ಣ ಗುರುತಿಸಿ, ಮೂಸಿ, ಹೆಸರು ಹೇಳುವರು.

ಆದರೆ ಇಲ್ಲೊಂದು ಅಪಾಯವುಂಟು. 5 ವರ್ಷದೊಳಗಿನ ಮಕ್ಕಳಿಗೆ ಚೆನ್ನಾಗಿ ಅಗಿದು ನುಂಗುವ ರೂಢಿ ಪಕ್ವವಾಗಿರುವುದಿಲ್ಲ, ಶ್ವಾಸನಾಳವೂ ಕಿರಿದು. ನಗುವಾಗ, ಓಡುವಾಗ ಇಡಿಯ ಶೇಂಗಾಬೀಜ ಅದರೊಳಗೆ ಜಾರಿದರೆ ಪ್ರಾಣಕ್ಕೇ ಕುತ್ತು. ಅಜ್ಜಿಯರು ಮಮತೆಯಿಂದ ಬಾಯಿಗಿಡುವ ಹಿಡಿ ಎಳ್ಳು-ಬೆಲ್ಲವೂ ಇದಕ್ಕೆ ಹೊರತಲ್ಲ.

ಆದ್ದರಿಂದ ಶೇಂಗಾ, ಹುರಿಗಡಲೆಗಳು ಮುಚ್ಚಿದ ಗಾಜಿನ ಭರಣಿಯಲ್ಲಿರಲಿ. ಎಣಿಕೆಗೆ ಚೆಂಡುಹೂಗಳು ಸಾಕು. ತಿನ್ನಲು ಎಲ್ಲವನ್ನೂ ನುಣ್ಣಗೆ ಪುಡಿಮಾಡಿ, ಬೆಲ್ಲ ಬೆರೆಸಿ, ಮಕ್ಕಳನ್ನು ಕೂರಿಸಿಯೇ ಕೊಡಬೇಕು.

ಉಸಿರು ಕಟ್ಟಿ ಕೆಮ್ಮಲಾರದ ಮಗುವನ್ನು ಕೂಡಲೇ ಮುಂದಕ್ಕೆ ಬಾಗಿಸಿ, ಹೆಗಲೆಲುಬುಗಳ ನಡುವೆ ಅಂಗೈಯಿಂದ 5 ಬಾರಿ ಬಲವಾಗಿ ತಟ್ಟಬೇಕು. ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಲಿ. ಕಣ್ಣಿಗೆ ಕಾಣದ ಚೂರನ್ನು ಬಾಯೊಳಗೆ ಬೆರಳಿಟ್ಟು ಹುಡುಕಬಾರದು. ಅದು ಇನ್ನೂ ಆಳಕ್ಕೆ ಸರಿದೀತು.