ಮುಟ್ಟಿನ ತೀವ್ರ ನೋವಿಗೆ ಗರ್ಭನಿರೋಧಕ ಮಾತ್ರೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಮುಟ್ಟಿನ ದಿನಗಳ ಅಸಹನೀಯ ನೋವಿಗೆ ಸ್ತ್ರೀರೋಗ ತಜ್ಞರು ಕೆಲವೊಮ್ಮೆ ಗರ್ಭನಿರೋಧಕ ಮಾತ್ರೆಯನ್ನು ಬರೆದುಕೊಡುತ್ತಾರೆ. ಅದನ್ನು ಪಡೆಯುವವರು ಪಿಯುಸಿ ಓದುವ ವಿದ್ಯಾರ್ಥಿನಿಯಾಗಿರಬಹುದು, ಅವಿವಾಹಿತ ಯುವತಿಯಾಗಿರಬಹುದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತಾಯಿಯೂ ಆಗಿರಬಹುದು. ಪೊಟ್ಟಣದ ಮೇಲಿನ ಹೆಸರನ್ನು ಕಂಡು ಮನೆಯವರು ಗಾಬರಿಯಾದರೆ, ನೆರೆಹೊರೆಯವರು ಆಕೆಯ ನಡತೆಯ ಬಗ್ಗೆ ಮಾತನಾಡಿದರೆ, ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ, ನೋವು ಮರಳುತ್ತದೆ. ಈ ಮಾತ್ರೆಯು ಕಾಯಿಲೆಯೊಂದಕ್ಕೆ ನೀಡುವ ಔಷಧವೂ ಹೌದು ಎಂಬುದನ್ನು ಚುನಾಯಿತ ಪ್ರತಿನಿಧಿಗಳು ಅರಿತಿದ್ದಲ್ಲಿ ಇಂತಹ ಎಷ್ಟೋ ಹೆಣ್ಣುಮಕ್ಕಳ ಚಿಕಿತ್ಸೆ ಮುಂದುವರಿಯಲು ನೆರವಾಗುತ್ತದೆ. ಈ ಉದ್ದೇಶದಿಂದ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಎಂಡೊಮೆಟ್ರಿಯೋಸಿಸ್ ಎಂದರೇನು?

ಗರ್ಭಕೋಶದ ಒಳಭಾಗದಲ್ಲಿ ತೆಳುವಾದ ಒಂದು ಪದರವಿರುತ್ತದೆ. ಅದು ಪ್ರತಿ ತಿಂಗಳು ಬೆಳೆದು ಮುಟ್ಟಿನ ರೂಪದಲ್ಲಿ ಹೊರಹೋಗುತ್ತದೆ. ಈ ಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯ, ಗರ್ಭನಾಳ, ಕಿಬ್ಬೊಟ್ಟೆಯ ಒಳಹೊದಿಕೆ ಮೊದಲಾದ ಕಡೆ ಬೆಳೆಯುವ ಕಾಯಿಲೆಯೇ ಎಂಡೊಮೆಟ್ರಿಯೋಸಿಸ್. ಹೊರಗೆ ಬೆಳೆದ ಅಂಗಾಂಶವೂ ದೇಹದ ಹಾರ್ಮೋನುಗಳಿಗೆ ಸ್ಪಂದಿಸುತ್ತದೆ. ಇದರಿಂದ ಆ ಭಾಗದಲ್ಲಿ ಉರಿಯೂತ ಉಂಟಾಗಿ, ಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವ ಸಾಧ್ಯತೆಯಿರುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ಕಾಣುವ 'ಚಾಕೊಲೇಟ್ ಸಿಸ್ಟ್' ಎಂಬುದು ಅಂಡಾಶಯದಲ್ಲಿ ಇದೇ ಕಾಯಿಲೆಯಿಂದ ಉಂಟಾದ, ಹಳೆಯ ರಕ್ತ ತುಂಬಿದ ಗಂಟು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಸ್ತ್ರೀಯರು ಮತ್ತು ಬಾಲಕಿಯರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನರಿಗೆ ಈ ತೊಂದರೆ ಇದೆ. ಮುಖ್ಯ ಲಕ್ಷಣಗಳು ಹೀಗಿವೆ:

1. ಶಾಲೆ, ಕೂಲಿ ಅಥವಾ ಮನೆಗೆಲಸವನ್ನು ತಪ್ಪಿಸುವಷ್ಟು ಮುಟ್ಟಿನ ನೋವು.
2. ಮುಟ್ಟು ಇಲ್ಲದ ದಿನಗಳಲ್ಲಿಯೂ ಕಿಬ್ಬೊಟ್ಟೆ ಹಾಗೂ ಸೊಂಟದಲ್ಲಿ ನೋವು.
3. ಮುಟ್ಟಿನ ಸಮಯದಲ್ಲಿ ಮಲ, ಮೂತ್ರ ವಿಸರ್ಜನೆಯಾಗುವಾಗ ನೋವು.
4. ದಾಂಪತ್ಯ ಸಂಪರ್ಕದ ವೇಳೆ ನೋವು.
5. ಗರ್ಭಧಾರಣೆಯಲ್ಲಿ ವಿಳಂಬ.

'ಹೆಣ್ಣಾದ ಮೇಲೆ ಸಹಿಸಿಕೊಳ್ಳಬೇಕು' ಎಂಬ ಮಾತಿನಿಂದಾಗಿ ಹಲವರಲ್ಲಿ ಈ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ. ಸ್ಕ್ಯಾನಿಂಗ್ ವರದಿ ಸರಿಯಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ನಿರ್ಧರಿಸಲಾಗದು. ಲಕ್ಷಣಗಳನ್ನು ಆಧರಿಸಿ, ಪರೀಕ್ಷಿಸಿದ ವೈದ್ಯರು ಶಸ್ತ್ರಚಿಕಿತ್ಸೆಯಿಲ್ಲದೆಯೇ ಔಷಧೋಪಚಾರವನ್ನು ಆರಂಭಿಸಬಹುದು.

ಮಾತ್ರೆಯು ಹೇಗೆ ಕೆಲಸ ಮಾಡುತ್ತದೆ?

ಸಂಯುಕ್ತ ಮಾತ್ರೆಯಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳು ಅಲ್ಪ ಪ್ರಮಾಣದಲ್ಲಿರುತ್ತವೆ. ಪ್ರತಿದಿನ ಸೇವಿಸಿದಾಗ ದೇಹದ ಹಾರ್ಮೋನುಗಳ ಏರಿಳಿತ ತಗ್ಗಿ ಅಂಡಾಣು ಬಿಡುಗಡೆ ನಿಲ್ಲುತ್ತದೆ. ಗರ್ಭಕೋಶದ ಒಳಪದರ ತೆಳುವಾಗಿಯೇ ಉಳಿಯುತ್ತದೆ, ಸ್ರಾವ ಕಡಿಮೆಯಾಗುತ್ತದೆ. ಹೊರಗಿರುವ ಅಂಗಾಂಶದ ಚಟುವಟಿಕೆಯೂ ತಗ್ಗುವುದರಿಂದ ನೋವು ಇಳಿಯುತ್ತದೆ.

ಇಂತಹ ಮಾತ್ರೆಯ ಈ ಬಳಕೆ ಹೊಸದೇನೂ ಅಲ್ಲ. ಅಮೆರಿಕದಲ್ಲಿ 'ಎನೋವಿಡ್' ಎಂಬ ಹಾರ್ಮೋನು ಮಾತ್ರೆಗೆ 1957ರಲ್ಲಿ ಅನುಮತಿ ದೊರೆತದ್ದು ಮುಟ್ಟಿನ ತೊಂದರೆಗಳ ಚಿಕಿತ್ಸೆಗಾಗಿ. ಗರ್ಭನಿರೋಧಕವಾಗಿ ಅದಕ್ಕೆ ಅನುಮತಿ ಸಿಕ್ಕಿದ್ದು 1960ರಲ್ಲಿ. ಅಂದರೆ ಈ ಮಾತ್ರೆ ಮೊದಲು ಔಷಧ, ಆಮೇಲೆ ಗರ್ಭನಿರೋಧಕ.

ಮಾತ್ರೆಯು ನೋವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಕಾಯಿಲೆಯನ್ನು ಬೇರುಸಹಿತ ನಿವಾರಿಸುವುದಿಲ್ಲ. ಸೇವನೆ ನಿಲ್ಲಿಸಿದಾಗ ಲಕ್ಷಣಗಳು ಮರುಕಳಿಸಬಹುದು. ಮಗುವನ್ನು ಬಯಸುತ್ತಿರುವ ದಂಪತಿಗಳಿಗೆ ಆ ಅವಧಿಯಲ್ಲಿ ಇದು ಸೂಕ್ತವಲ್ಲ. ಅವರಿಗೆ ವೈದ್ಯರು ಬೇರೆ ಮಾರ್ಗವನ್ನು ಸೂಚಿಸುತ್ತಾರೆ.

ಲಭ್ಯವಿರುವ ಮಾತ್ರೆಗಳು ಮತ್ತು ಸೇವನಾ ಕ್ರಮ

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ 'ಮಾಲಾ-ಎನ್' ಪೊಟ್ಟಣದಲ್ಲಿ 28 ಮಾತ್ರೆಗಳಿರುತ್ತವೆ. ಇವುಗಳಲ್ಲಿ 21 ಹಾರ್ಮೋನು ಮಾತ್ರೆಗಳು. ಉಳಿದ 7 ಕಬ್ಬಿಣಾಂಶದ ಮಾತ್ರೆಗಳು. ಪ್ರತಿದಿನ ನಿಗದಿತ ಸಮಯಕ್ಕೆ ಒಂದರಂತೆ ಸೇವಿಸಬೇಕು. ನೋವು ತೀವ್ರವಾಗಿದ್ದಲ್ಲಿ ಕಬ್ಬಿಣಾಂಶದ ಮಾತ್ರೆಗಳ ಅವಧಿಯನ್ನು ಬಿಟ್ಟು, ಹಾರ್ಮೋನು ಮಾತ್ರೆಗಳನ್ನು ನಿರಂತರವಾಗಿ ಸೇವಿಸುವಂತೆ ವೈದ್ಯರು ಸೂಚಿಸುವುದುಂಟು. ಇದನ್ನು ಸ್ವಂತ ನಿರ್ಧಾರದಿಂದ ಮಾಡತಕ್ಕದ್ದಲ್ಲ.

ಈಸ್ಟ್ರೋಜನ್ ಸೇವಿಸಬಾರದವರಿಗೆ ಪ್ರೊಜೆಸ್ಟಿನ್ ಮಾತ್ರವೇ ಇರುವ ಔಷಧಗಳಿವೆ. ಡೈನೊಜೆಸ್ಟ್ 2 ಮಿಲಿಗ್ರಾಂ ಮಾತ್ರೆ ಮತ್ತು ನಾರ್‌ಎಥಿಸ್ಟೆರೋನ್ ಇವುಗಳಲ್ಲಿ ಪ್ರಮುಖವಾದವು. ಆಶಾ ಕಾರ್ಯಕರ್ತೆಯರ ಬಳಿ ಇರುವ 'ಛಾಯಾ' ಮಾತ್ರೆಯಾಗಲಿ, ತುರ್ತು ಗರ್ಭನಿರೋಧಕ ಮಾತ್ರೆಯಾಗಲಿ ಈ ಚಿಕಿತ್ಸೆಗೆ ಬದಲಿ ಅಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು.

ಮೊದಲ ಎರಡು ಮೂರು ತಿಂಗಳು ವಾಕರಿಕೆ, ಸ್ತನಗಳಲ್ಲಿ ನೋವು, ತಲೆನೋವು, ನಡುನಡುವೆ ಸ್ವಲ್ಪ ಸ್ರಾವ ಕಾಣಿಸಿಕೊಳ್ಳಬಹುದು. ಇವು ಸಾಮಾನ್ಯವಾಗಿ ತಾವಾಗಿಯೇ ಕಡಿಮೆಯಾಗುತ್ತವೆ. ಹಲವರು ಮಾತ್ರೆ ಬಿಡುವುದು ಈ ಹಂತದಲ್ಲಿಯೇ. ಆದ್ದರಿಂದ ಮೂರು ತಿಂಗಳ ನಂತರ ಪುನಃ ವೈದ್ಯರನ್ನು ಕಾಣುವುದು ಅಗತ್ಯ. ನೋವು ಇಳಿಯದಿದ್ದಲ್ಲಿ ಔಷಧವನ್ನು ಬದಲಿಸಲಾಗುತ್ತದೆ.

ಯಾರು ಸಂಯುಕ್ತ ಮಾತ್ರೆ ಸೇವಿಸಬಾರದು?

ಮಾತ್ರೆ ಆರಂಭಿಸುವ ಮುನ್ನ ರಕ್ತದೊತ್ತಡವನ್ನು ಪರೀಕ್ಷಿಸಬೇಕು. ಈ ಕೆಳಗಿನವರು ತಮ್ಮ ಸ್ಥಿತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು:

1. ಅಧಿಕ ರಕ್ತದೊತ್ತಡ, ಹೃದ್ರೋಗ ಅಥವಾ ಪಾರ್ಶ್ವವಾಯು ಇರುವವರು.
2. ಕಾಲು ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವುಳ್ಳವರು.
3. ಕಣ್ಣ ಮುಂದೆ ಮಿಂಚಿನ ಗೆರೆಗಳು ಕಾಣಿಸಿಕೊಂಡು ಅರೆತಲೆನೋವು ಬರುವವರು.
4. ಸ್ತನ ಕ್ಯಾನ್ಸರ್ ಅಥವಾ ತೀವ್ರ ಯಕೃತ್ತಿನ ಕಾಯಿಲೆ ಇರುವವರು.
5. 35 ವರ್ಷ ದಾಟಿದ, ಬೀಡಿ ಅಥವಾ ಸಿಗರೇಟು ಸೇದುವವರು.
6. ಹೆರಿಗೆಯಾಗಿ 6 ತಿಂಗಳು ತುಂಬದ, ಎದೆಹಾಲು ಉಣಿಸುವ ತಾಯಂದಿರು.
7. ಕ್ಷಯರೋಗಕ್ಕೆ ರಿಫಾಂಪಿಸಿನ್ ಅಥವಾ ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಜೆಪೈನ್ ಸೇವಿಸುತ್ತಿರುವವರು. ಈ ಔಷಧಗಳು ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತವೆ.

ಮಾತ್ರೆ ಸೇವಿಸುವಾಗ ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಎದೆನೋವು, ಉಸಿರಾಟದ ತೊಂದರೆ, ಹಿಂದೆಂದೂ ಇಲ್ಲದಂತಹ ತಲೆನೋವು, ದೃಷ್ಟಿ ಮಂಜಾಗುವುದು ಅಥವಾ ದೇಹದ ಒಂದು ಪಕ್ಕ ಬಲಹೀನವಾಗುವುದು ಕಂಡುಬಂದಲ್ಲಿ, ಮಾತ್ರೆ ನಿಲ್ಲಿಸಿ ಕೂಡಲೇ 108 ಆಂಬುಲೆನ್ಸ್ ಮೂಲಕ ಆಸ್ಪತ್ರೆಗೆ ಕರೆದೊಯ್ಯಬೇಕು.

ನಿವಾರಿಸಬೇಕಾದ ತಪ್ಪು ತಿಳಿವಳಿಕೆಗಳು

'ಮಾತ್ರೆ ತಿಂದರೆ ಮುಂದೆ ಮಕ್ಕಳಾಗುವುದಿಲ್ಲ': ಇದು ಸರಿಯಲ್ಲ. ಮಾತ್ರೆಯು ಬಂಜೆತನವನ್ನು ಉಂಟುಮಾಡುವುದಿಲ್ಲ. ನಿಲ್ಲಿಸಿದ ಬಳಿಕ ಅಂಡಾಣು ಬಿಡುಗಡೆ ಪುನರಾರಂಭವಾಗುತ್ತದೆ. ಗರ್ಭಧಾರಣೆಗೆ ತೊಡಕಾಗಬಲ್ಲದ್ದು ಚಿಕಿತ್ಸೆಯಲ್ಲ, ಎಂಡೊಮೆಟ್ರಿಯೋಸಿಸ್ ಕಾಯಿಲೆ.

'ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆ': ಮಾತ್ರೆಯ ಪರಿಣಾಮದಿಂದ ಒಳಪದರವು ಬೆಳೆಯುವುದೇ ಇಲ್ಲವಾದ್ದರಿಂದ ಹೊರಹೋಗಬೇಕಾದ ರಕ್ತ ಒಳಗೆ ಶೇಖರವಾಗುವುದಿಲ್ಲ.

'ಮದುವೆಯಾದರೆ, ಒಂದು ಮಗುವಾದರೆ ಸರಿಹೋಗುತ್ತದೆ': ಮದುವೆಯೂ ಬಸಿರೂ ಈ ಕಾಯಿಲೆಗೆ ಚಿಕಿತ್ಸೆಯಲ್ಲ. ನೋವಿನ ನೆಪದಲ್ಲಿ 18 ವರ್ಷ ತುಂಬದ ಬಾಲಕಿಯ ವಿವಾಹ ನಡೆಸುವುದು ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರಡಿ ಅಪರಾಧವಾಗುತ್ತದೆ.

'ಗರ್ಭಕೋಶ ತೆಗೆಸಿಬಿಟ್ಟರೆ ಮುಗಿಯಿತು': ಕಾಯಿಲೆ ಇರುವುದು ಗರ್ಭಕೋಶದ ಹೊರಗಾದ್ದರಿಂದ ಅದನ್ನು ತೆಗೆದ ನಂತರವೂ ನೋವು ಉಳಿಯಬಹುದು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯವು ಮಾರ್ಗಸೂಚಿ ಹೊರಡಿಸಿದ್ದು, ಅದನ್ನು ಜಾರಿಗೊಳಿಸುವಂತೆ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ನಿರ್ದೇಶಿಸಿದೆ. ಯಾರಿಗಾದರೂ ಇಂತಹ ಸಲಹೆ ದೊರೆತಲ್ಲಿ, ಹಣ ಹೊಂದಿಸುವ ಮೊದಲು ಸರ್ಕಾರಿ ಆಸ್ಪತ್ರೆಯ ತಜ್ಞರ ಎರಡನೇ ಅಭಿಪ್ರಾಯ ಪಡೆಯುವಂತೆ ತಿಳಿಸಬೇಕು.

ಗ್ರಾಮ ಪಂಚಾಯಿತಿ ಸದಸ್ಯರು ಮಾಡಬಹುದಾದ ಕಾರ್ಯಗಳು

1. ಮಹಿಳಾ ಗ್ರಾಮ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಅಥವಾ ಸಮುದಾಯ ಆರೋಗ್ಯ ಅಧಿಕಾರಿಯಿಂದ ಈ ವಿಷಯದ ಬಗ್ಗೆ ಮಾಹಿತಿ ಕೊಡಿಸುವುದು.
2. ಮುಟ್ಟಿನ ನೋವಿನಿಂದ ಪ್ರತಿ ತಿಂಗಳು ಶಾಲೆ ತಪ್ಪಿಸುವ ವಿದ್ಯಾರ್ಥಿನಿಯರನ್ನು ಆರೋಗ್ಯ ತಪಾಸಣೆಗೆ ಕಳುಹಿಸುವಂತೆ ಮುಖ್ಯ ಶಿಕ್ಷಕರನ್ನು ಕೋರುವುದು. ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ಗಳ ಬಗ್ಗೆ ಪಾಲಕರಿಗೆ ತಿಳಿಸುವುದು.
3. ಆರೋಗ್ಯ ಕೇಂದ್ರದಲ್ಲಿ ಮಾತ್ರೆಗಳ ದಾಸ್ತಾನು ನಿರಂತರವಾಗಿ ಇರುವುದನ್ನು ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯ ಸಭೆಯಲ್ಲಿ ವಿಚಾರಿಸುವುದು. ಒಂದು ತಿಂಗಳು ಮಾತ್ರೆ ಸಿಗದಿದ್ದರೂ ಚಿಕಿತ್ಸೆ ಕಡಿದುಹೋಗುತ್ತದೆ.
4. ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಹೆಣ್ಣುಮಕ್ಕಳ ಆರೋಗ್ಯವನ್ನು ಚರ್ಚಾ ವಿಷಯವನ್ನಾಗಿ ಸೇರಿಸುವುದು. ಯಾವುದೇ ಸಭೆಯಲ್ಲಿ ರೋಗಿಯ ಹೆಸರು, ಮನೆತನ ಅಥವಾ ಚಿಕಿತ್ಸೆಯ ವಿವರವನ್ನು ಪ್ರಸ್ತಾಪಿಸಬಾರದು. ನಡವಳಿ ಪುಸ್ತಕದಲ್ಲಿಯೂ ದಾಖಲಿಸಬಾರದು.
5. ಹೆಚ್ಚಿನ ಮಾಹಿತಿಗೆ ಆರೋಗ್ಯ ಸಹಾಯವಾಣಿ 104ನ್ನು ಸಂಪರ್ಕಿಸುವಂತೆ ಸೂಚನಾ ಫಲಕದಲ್ಲಿ ಪ್ರಕಟಿಸುವುದು.

ಔಷಧವನ್ನು ನಿರ್ಧರಿಸುವುದು ವೈದ್ಯರ ಕೆಲಸ. ಸದಸ್ಯರು ಮಾತ್ರೆಯನ್ನು ಶಿಫಾರಸು ಮಾಡಬೇಕಾಗಿಲ್ಲ. ಆದರೆ ಹೆಣ್ಣುಮಗಳೊಬ್ಬಳ ಕೈಯಲ್ಲಿರುವ ಮಾತ್ರೆಯ ಪೊಟ್ಟಣವನ್ನು ಕಂಡು ಊರು ಮಾತನಾಡಿದಾಗ, 'ಅದು ನೋವಿಗೆ ಕೊಟ್ಟಿರುವ ಔಷಧವೂ ಆಗಿರಬಹುದು, ಅವರವರ ಚಿಕಿತ್ಸೆ ಅವರವರಿಗೆ ಬಿಟ್ಟದ್ದು' ಎಂದು ವಾರ್ಡಿನ ಸದಸ್ಯರು ಹೇಳುವ ಒಂದು ಮಾತಿಗೆ ಗ್ರಾಮದಲ್ಲಿ ತೂಕವಿರುತ್ತದೆ. ಆ ಮಾತನ್ನು ಸಕಾಲದಲ್ಲಿ ಆಡುವಂತೆ ಎಲ್ಲ ಸದಸ್ಯರನ್ನು ಕೋರಲಾಗಿದೆ.