ವೇಳೆಯ ಮುದ್ರೆ ಒತ್ತಿಸುವ ಅಧಿಕಾರ ಯಾರಿಗೆ?

ಕಾಗದವೊಂದು ನಮ್ಮ ಊರಿಗೆ ಎಂದು ಬಂದಿತೆಂದು ತಿಳಿಯಬೇಕಾದರೆ ನಾವು ಅದರ ಮೇಲಿನ ಅಂಚೆಯ ಮುದ್ರೆಯನ್ನು ನೋಡುತ್ತೇವೆ. ಅದನ್ನು ಒಡೆದು ಓದಿದ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಕೆಂದರೆ, ಕಾಗದವು ಅಂಚೆಯವನ ಚೀಲದಲ್ಲಿಯೋ ನಮ್ಮ ಮೇಜಿನ ಮೇಲೆಯೋ ಎಷ್ಟು ಹೊತ್ತು ಬಿದ್ದಿತ್ತೆಂಬುದು ದಿನದಿನಕ್ಕೂ ಬೇರೆ. ಕಂಪ್ಯೂಟರುಗಳು ತಂತಿಯ ಮೂಲಕ ಒಂದಕ್ಕೊಂದು ಕಳುಹಿಸಿಕೊಳ್ಳುವ ಸಂದೇಶಗಳಿಗೂ ಇಂತಹ ವೇಳೆಯ ಮುದ್ರೆಯುಂಟು. ಅದನ್ನು ಎಲ್ಲಿ ಒತ್ತಬೇಕು, ಒತ್ತೆಂದು ಅಪ್ಪಣೆ ಕೊಡತಕ್ಕವರು ಯಾರು ಎಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾಗಿ ತೋರಿದರೂ ವಿಚಾರಕ್ಕೆ ಅರ್ಹವಾದುದು.

ಮೊದಲು ಮುದ್ರೆಯ ಅಗತ್ಯವನ್ನು ನೋಡೋಣ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಎಂದರೆ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಬಹುದೂರದಲ್ಲಿರುವ ಎರಡು ವಿದ್ಯುತ್ ಕೇಂದ್ರಗಳಲ್ಲಿ ತರಂಗದ ಪ್ರಾವಸ್ಥೆಯನ್ನು ಅಳೆದು ಹೋಲಿಸಬೇಕಾಗಿದೆಯೆನ್ನಿ. ಅಲ್ಲಿನ ಗಡಿಯಾರಗಳಿಗೆ ಪರಸ್ಪರ 1 ಮಿಲಿಸೆಕೆಂಡಿನ ವ್ಯತ್ಯಾಸವಿದ್ದರೆ ಹೋಲಿಕೆಯಲ್ಲಿ 18 ಡಿಗ್ರಿಗಳ ತಪ್ಪು ಬರುತ್ತದೆ. ವ್ಯತ್ಯಾಸವು 1 ಮೈಕ್ರೊಸೆಕೆಂಡಿಗೆ ಇಳಿದರೆ ತಪ್ಪು 0.018 ಡಿಗ್ರಿ ಮಾತ್ರ. ಜಾಲದ ಮೂಲಕ ಗಡಿಯಾರಗಳನ್ನು ಇಷ್ಟು ಸೂಕ್ಷ್ಮವಾಗಿ ಹೊಂದಿಸುವುದಕ್ಕಾಗಿ 2002ರಲ್ಲಿ ಐಇಇಇ 1588 ಎಂಬ ನಿಯಮಾವಳಿ ಪ್ರಕಟವಾಯಿತು.

ಅದರ ತತ್ತ್ವ ಸರಳವಾದುದು. ಮುಖ್ಯ ಗಡಿಯಾರವು ತನ್ನ 100ನೆಯ ಮೈಕ್ರೊಸೆಕೆಂಡಿನಲ್ಲಿ ಒಂದು ಸಂದೇಶವನ್ನು ಕಳುಹಿಸುತ್ತದೆ. ನಮ್ಮ ಗಡಿಯಾರದಂತೆ ಅದು 115ಕ್ಕೆ ತಲುಪುತ್ತದೆ. ನಾವು 130ಕ್ಕೆ ಮರುಸಂದೇಶ ಕಳುಹಿಸುತ್ತೇವೆ. ಮುಖ್ಯ ಗಡಿಯಾರದಂತೆ ಅದು 135ಕ್ಕೆ ಮುಟ್ಟುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಸಮಾನ ಕಾಲ ಹಿಡಿಯುವುದೆಂದು ಇಟ್ಟುಕೊಂಡರೆ, 15 ಮತ್ತು 5ರ ಮೊತ್ತದ ಅರ್ಧ, ಎಂದರೆ 10, ದಾರಿಯ ಕಾಲ. ಅವುಗಳ ವ್ಯತ್ಯಾಸದ ಅರ್ಧ, ಎಂದರೆ 5, ನಮ್ಮ ಗಡಿಯಾರ ಮುಂದಿರುವ ಪ್ರಮಾಣ. ಈಗ 115ರ ಮುದ್ರೆಯನ್ನು 4 ಮೈಕ್ರೊಸೆಕೆಂಡು ತಡವಾಗಿ, 119 ಎಂದು ಒತ್ತಿದರೆ ಏನಾಗುತ್ತದೆ? 19ರಲ್ಲಿ 5ನ್ನು ಕಳೆದು ಅರ್ಧಮಾಡಿದರೆ 7 ಬರುತ್ತದೆ. ಮುದ್ರೆಯ ತಡದಲ್ಲಿ ಅರ್ಧವು ಗಡಿಯಾರದ ತಪ್ಪಾಗಿ ಪರಿಣಮಿಸಿತು.

ಸಂದೇಶವು ಕಂಪ್ಯೂಟರನ್ನು ಹೊಕ್ಕ ಮೇಲೆ, ಪ್ರೊಸೆಸರು ಬೇರೆ ಕೆಲಸದಲ್ಲಿದ್ದರೆ, ಸರದಿಯಲ್ಲಿ ಕಾಯಬೇಕಾಗುತ್ತದೆ. ಈ ಕಾಯುವಿಕೆ ಒಮ್ಮೆ ಇದ್ದಷ್ಟು ಮತ್ತೊಮ್ಮೆ ಇರುವುದಿಲ್ಲ. ಆದುದರಿಂದ ಮುದ್ರೆಯನ್ನು ಬಾಗಿಲಲ್ಲಿಯೇ, ತಂತಿ ಬಂದು ಸೇರುವ ನೆಟ್‌ವರ್ಕ್ ಕಾರ್ಡಿನಲ್ಲಿಯೇ, ಅದರ ಸ್ವಂತ ಗಡಿಯಾರವನ್ನನುಸರಿಸಿ ಒತ್ತಿಸುವುದು ಲೇಸು.

ನಮ್ಮ ಪ್ರಶ್ನೆ ಏಳುವುದು ಇಲ್ಲಿಯೇ. ಕಾರ್ಡು ಒಂದು, ಅದನ್ನು ಬಳಸುವ ಪ್ರೋಗ್ರಾಮುಗಳು ಹಲವು. ಇವುಗಳ ನಡುವೆ ನಿಂತು ವ್ಯವಹಾರ ನಡೆಸತಕ್ಕದ್ದು ಆಪರೇಟಿಂಗ್ ಸಿಸ್ಟಂ. ಮುದ್ರೆಯ ಏರ್ಪಾಡನ್ನು ಬದಲಿಸುವ ಅಧಿಕಾರವನ್ನು ಅದು ಯಾರ ಕೈಗೆ ಕೊಡಬೇಕು? ಲಿನಕ್ಸ್ ಈ ತೊಡಕನ್ನು ಹೇಗೆ ಬಿಡಿಸಿತೆಂಬುದನ್ನು ನೋಡೋಣ.

2009ರಲ್ಲಿ, ಲಿನಕ್ಸಿನ 2.6.30ನೆಯ ಆವೃತ್ತಿಯಲ್ಲಿ, ಕೆಲಸವನ್ನು ಎರಡಾಗಿ ವಿಂಗಡಿಸಿದರು. ‘ಮುದ್ರೆಯಲ್ಲಿ ಏನಿದೆಯೆಂದು ನನಗೆ ತಿಳಿಸು’ ಎಂಬ ಕೋರಿಕೆ ಸಾಕೆಟ್ಟಿಗೆ ಸೇರಿತು. ಸಾಕೆಟ್ಟೆಂದರೆ ಜಾಲದೊಡನೆ ಮಾತನಾಡಲು ಪ್ರೋಗ್ರಾಮು ತೆರೆದುಕೊಳ್ಳುವ ಸ್ವಂತ ಕಿಂಡಿ. ‘ಇಂತಿಂತಹ ಸಂದೇಶಗಳಿಗೆ ಮುದ್ರೆ ಒತ್ತು’ ಎಂಬ ಅಪ್ಪಣೆಯಾದರೋ ಕಾರ್ಡಿಗೆ ಸೇರಿತು. ಆಡಳಿತದ ಅಧಿಕಾರವುಳ್ಳ ಪ್ರೋಗ್ರಾಮು ಮಾತ್ರ ಅದನ್ನು ಕೊಡಬಹುದು. ಇದಕ್ಕೆ ಕಾರಣವುಂಟು. ಕೆಲವು ಕಾರ್ಡುಗಳು ಬಂದ ಸಂದೇಶಗಳಿಗೆಲ್ಲ ಮುದ್ರೆ ಒತ್ತಬಲ್ಲವು. ಕೆಲವು, ಗಡಿಯಾರ ಹೊಂದಿಸುವ ಸಂದೇಶಗಳಿಗೆ ಮಾತ್ರ. ಒಂದು ಪ್ರೋಗ್ರಾಮು ಗಡಿಯಾರವನ್ನು ಹೊಂದಿಸುತ್ತಿರುವಾಗ ಮತ್ತೊಂದು ತನ್ನ ಕೆಲಸ ಮುಗಿಯಿತೆಂದು ಮುದ್ರೆಯನ್ನೇ ನಿಲ್ಲಿಸಿಬಿಟ್ಟರೆ, ಮೊದಲನೆಯದರ ಶ್ರಮವೆಲ್ಲ ವ್ಯರ್ಥ. ಅಧಿಕಾರವುಳ್ಳ ಎರಡು ಪ್ರೋಗ್ರಾಮುಗಳೇ ಹೀಗೆ ಜಗಳವಾಡದಂತೆ ನೋಡಿಕೊಳ್ಳುವ ಹೊಣೆಯನ್ನು ಮಾತ್ರ ಬಳಸುವವರಿಗೇ ಬಿಟ್ಟರು.

ಆದರೂ ತೊಡಕು ಪೂರ್ತಿ ತೀರಲಿಲ್ಲ. ಆ ಅಪ್ಪಣೆಯನ್ನು ‘ಐಆಕ್ಟಲ್’ ಎಂಬ ಹಳೆಯ ಬಗೆಯ ಕರೆಯಿಂದ ಕೊಡಬೇಕಾಗಿತ್ತು. ಅದರ ನಮೂನೆಯಲ್ಲಿ ಮೂರೇ ಅಂಕಣಗಳು. ಇರುವ ಏರ್ಪಾಡನ್ನು ಕದಲಿಸದೆ ಓದಿನೋಡುವ ಕರೆ ಕೂಡ ಕೆಲವು ವರ್ಷಗಳ ಅನಂತರ ಸೇರಿದುದು. ಇದಲ್ಲದೆ, ತಂತಿಗೆ ಅತಿ ಸಮೀಪವಿರುವ ‘ಫೈ’ ಎಂಬ ಚಿಪ್ಪೂ ಅದರ ಹಿಂದಿನ ‘ಮ್ಯಾಕ್’ ಎಂಬ ಭಾಗವೂ, ಎರಡೂ, ಮುದ್ರೆ ಒತ್ತಬಲ್ಲ ಯಂತ್ರಗಳುಂಟು. ಎರಡರಲ್ಲಿ ಯಾವುದು ಒತ್ತಬೇಕೆಂದು ಬರೆಯಲು ಹಳೆಯ ನಮೂನೆಯಲ್ಲಿ ಸ್ಥಳವೇ ಇಲ್ಲ. ಆದುದರಿಂದ 2025ರಲ್ಲಿ ಹೊರಬಂದ 6.14ನೆಯ ಆವೃತ್ತಿಯಲ್ಲಿ ಈ ಏರ್ಪಾಡಿಗೆ ‘ಈಥ್‌ಟೂಲ್’ ಎಂಬ ವಿಭಾಗದಲ್ಲಿ ಸ್ಥಳ ಕೊಟ್ಟರು. ಕಾರ್ಡಿನ ವೇಗವೇ ಮೊದಲಾದ ಗುಣಗಳನ್ನು ನಿಶ್ಚಯಿಸುವ ವಿಭಾಗ ಅದು. ಮುದ್ರೆ ಒತ್ತತಕ್ಕ ಭಾಗವನ್ನು ಅಲ್ಲಿ ಹೆಸರಿಸಬಹುದು. ಮುಂದೆ ಅಗತ್ಯ ಬಿದ್ದರೆ ಹೊಸ ಅಂಕಣಗಳನ್ನೂ ಸೇರಿಸಬಹುದು. ಹಳೆಯ ಕರೆಯನ್ನು ನಂಬಿದ ಪ್ರೋಗ್ರಾಮುಗಳು ಕೆಡಬಾರದೆಂದು ಅದನ್ನೂ ಉಳಿಸಿಕೊಂಡರು.

ನಮ್ಮ ಕಾಲೇಜುಗಳ ಹಜಾರದ ಗಡಿಯಾರವನ್ನು ನೆನೆಯಿರಿ. ಅದನ್ನು ನೋಡಬೇಕೋ ಬೇಡವೋ ಎಂಬುದು ಪ್ರತಿಯೊಬ್ಬ ವಿದ್ಯಾರ್ಥಿಯ ಇಷ್ಟ. ಆದರೆ ಮುಳ್ಳನ್ನು ತಿರುಗಿಸುವ ಕೈ ಒಂದೇ ಇರಬೇಕು. ತಿರುಗಿಸಿದುದು ಎಲ್ಲರಿಗೂ ಕಾಣಬೇಕು. ಇಲ್ಲವಾದರೆ ತರಗತಿಗೆ ತಡವಾಗಿ ಬಂದವನು ತಾನೇ ಏಣಿ ಹತ್ತಿ ವೇಳೆಯನ್ನು ಸರಿಪಡಿಸಿಕೊಳ್ಳುವನಲ್ಲವೆ?