ಮೂವರ ಮುಂದೆ ಇಪ್ಪತ್ತು ನಿಮಿಷ

ಕ್ರಿಸ್ಮಸ್ ಗೋದಲಿಯನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುವ ಹೊತ್ತಿಗೆ ನಮ್ಮ ಧರ್ಮಕೇಂದ್ರದ ಕೆಲವು ಮನೆಗಳಲ್ಲಿ ಹೊಸದೊಂದು ಕಳವಳ ತಲೆದೋರುತ್ತದೆ. ನವೆಂಬರ್ ಅಂತ್ಯದಲ್ಲಿ ನಡೆದ ‘ಕ್ಯಾಟ್’ ಪರೀಕ್ಷೆಯ ಫಲಿತಾಂಶ ಅಷ್ಟರಲ್ಲಿ ಪ್ರಕಟವಾಗಿರುತ್ತದೆ. ಒಳ್ಳೆಯ ಅಂಕ ಗಳಿಸಿದ ಮಗನಿಗೋ ಮಗಳಿಗೋ ಯಾವುದಾದರೊಂದು ಮ್ಯಾನೇಜ್‌ಮೆಂಟ್ ಸಂಸ್ಥೆಯಿಂದ ಸಂದರ್ಶನದ ಕರೆ ಬರುತ್ತದೆ. ಎರಡು ಗಂಟೆಗಳ ಲಿಖಿತ ಪರೀಕ್ಷೆಯನ್ನು ಧೈರ್ಯವಾಗಿ ಎದುರಿಸಿದ ಮಕ್ಕಳು ಇಪ್ಪತ್ತು ನಿಮಿಷಗಳ ಮಾತುಕತೆಗೆ ಅಂಜುವುದನ್ನು ನಾವು ಕೆಲವು ವರ್ಷಗಳಿಂದ ಕಾಣುತ್ತ ಬಂದಿದ್ದೇವೆ.

ಅಂಜಿಕೆಗೆ ಕಾರಣವಿಲ್ಲದಿಲ್ಲ. 2024ರಲ್ಲಿ ಈ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ ಮಂದಿ. 1961ರಲ್ಲಿ ಅಹಮದಾಬಾದ್ ಮತ್ತು ಕಲ್ಕತ್ತಾಗಳಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆಗಳಲ್ಲಿ ಸ್ಥಾನ ದೊರೆಯುವುದು ಅವರಲ್ಲಿ ಅತಿ ಕೆಲವರಿಗೆ. ಜಮ್‌ಶೆಡ್‌ಪುರದಲ್ಲಿ 1949ರಲ್ಲಿ ಯೇಸುಸಭೆಯ ಫಾದರ್ ಕ್ವಿನ್ ಎನ್‌ರೈಟ್ ಅವರು ಕಾರ್ಮಿಕ ಸಂಬಂಧಗಳ ಅಧ್ಯಯನಕ್ಕೆಂದು ಆರಂಭಿಸಿದ ಎಕ್ಸ್‌ಎಲ್‌ಆರ್‌ಐ ಸಂಸ್ಥೆಯು ‘ಕ್ಸ್ಯಾಟ್’ ಎಂಬ ಬೇರೆಯದೇ ಪರೀಕ್ಷೆಯ ಮೂಲಕ ಆಯ್ಕೆ ನಡೆಸುತ್ತದೆ. ಪರೀಕ್ಷೆ ಯಾವುದೇ ಇರಲಿ, ಕೊನೆಗೆ ಇಬ್ಬರು ಮೂವರು ಪ್ರಾಧ್ಯಾಪಕರ ಮುಂದೆ ಕುಳಿತು ಉತ್ತರಿಸಲೇಬೇಕು. ಕೆಲವೆಡೆ ಪ್ರಬಂಧ ಬರೆಸುತ್ತಾರೆ, ಕೆಲವೆಡೆ ಗುಂಪು ಚರ್ಚೆ ಇಡುತ್ತಾರೆ. ಕೊರೊನಾ ಕಾಲದ ನಂತರ ವಿಡಿಯೊ ಮೂಲಕ ಸಂದರ್ಶಿಸುವುದೂ ರೂಢಿಗೆ ಬಂದಿದೆ.

ಇದಕ್ಕಾಗಿ ಪೇಟೆಗಳಲ್ಲಿ ತರಬೇತಿ ಕೇಂದ್ರಗಳಿವೆ. ಅವುಗಳಿಂದ ಉಪಯೋಗವಿಲ್ಲವೆಂದು ನಾವು ಹೇಳಲಾರೆವು. ಆದರೆ ಸಿದ್ಧ ಉತ್ತರಗಳನ್ನು ಹಂಚುವ ಅಭ್ಯಾಸವೊಂದು ಅಲ್ಲಲ್ಲಿ ಬೇರೂರಿದೆ. ‘ನಿಮ್ಮ ದೌರ್ಬಲ್ಯವೇನು?’ ಎಂದು ಕೇಳಿದರೆ, ‘ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಹಟವೇ ನನ್ನ ದೌರ್ಬಲ್ಯ’ ಎನ್ನಬೇಕಂತೆ! ಇಂತಹ ದೌರ್ಬಲ್ಯವನ್ನು ಪಾಪನಿವೇದನೆಯ ಪೀಠದಲ್ಲಿ ನಾವಂತೂ ಇದುವರೆಗೆ ಕೇಳಿದ್ದಿಲ್ಲ. ದಿನವೊಂದಕ್ಕೆ ಹತ್ತಾರು ಅಭ್ಯರ್ಥಿಗಳನ್ನು ಕಾಣುವ ಪ್ರಾಧ್ಯಾಪಕರು ಇದೇ ವಾಕ್ಯವನ್ನು ಎಷ್ಟು ಬಾರಿ ಕೇಳಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ನಮ್ಮಲ್ಲಿ ಜನವರಿಯ ಶನಿವಾರಗಳಂದು ಸಂಜೆ ಚರ್ಚಿನ ಸಭಾಭವನದಲ್ಲಿ ಒಂದು ಅಭ್ಯಾಸ ಸಂದರ್ಶನ ನಡೆಯುತ್ತದೆ. ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು, ವಾಣಿಜ್ಯಶಾಸ್ತ್ರದ ಉಪನ್ಯಾಸಕಿಯೊಬ್ಬರು ಮತ್ತು ನಾವು ಮೇಜಿನ ಹಿಂದೆ ಕುಳಿತು, ಎದುರಿಗಿರುವವರ ಅರ್ಜಿಯ ಪ್ರತಿಯನ್ನು ಸಾಲುಸಾಲಾಗಿ ಓದುತ್ತೇವೆ. ಸಂದರ್ಶಕರ ಹೆಚ್ಚಿನ ಪ್ರಶ್ನೆಗಳು ಹುಟ್ಟುವುದು ಆ ಅರ್ಜಿಯಿಂದಲೇ. ಹತ್ತನೆಯ ತರಗತಿಯ ಅಂಕ, ಪದವಿಯ ವಿಷಯ, ಮಾಡಿದ ಕೆಲಸ, ನಡುವೆ ಖಾಲಿ ಬಿದ್ದ ತಿಂಗಳುಗಳು, ಹವ್ಯಾಸವೆಂದು ಬರೆದ ಒಂದೇ ಒಂದು ಪದ, ಯಾವುದನ್ನು ಹಿಡಿದಾದರೂ ಎಳೆಯಬಹುದು. ‘ಓದುವುದು’ ಎಂದು ಬರೆದವನು ಕೊನೆಯದಾಗಿ ಓದಿ ಮುಗಿಸಿದ ಪುಸ್ತಕದ ಹೆಸರು ಹೇಳಲಾಗದೆ ಬೆವರಿದ್ದನ್ನು ನಾವು ಕಂಡಿದ್ದೇವೆ.

2025ರ ಜನವರಿಯಲ್ಲಿ ನಮ್ಮೆದುರು ಕುಳಿತವಳು ಬಿ.ಕಾಂ. ಪದವೀಧರೆ, ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಎರಡು ವರ್ಷ ದುಡಿದವಳು. ಅವಳ ಕಾಗದಗಳಲ್ಲಿ ಎರಡು ಸಂಗತಿಗಳು ನಮ್ಮ ಗಮನ ಸೆಳೆದವು. ತಾಯಿಯ ಉದ್ಯೋಗದ ಎದುರು ‘ಗೃಹಿಣಿ’ ಎಂದಿತ್ತು. ಕೆಲಸ ಬಿಟ್ಟ ನಂತರದ ಒಂಬತ್ತು ತಿಂಗಳುಗಳ ಎದುರು, ಮನೆಯಿಂದಲೇ ಲೆಕ್ಕಪತ್ರ ಸಲಹೆ ನೀಡುತ್ತಿದ್ದುದಾಗಿ ಬರೆದ ಕರಡು ಇತ್ತು. ಆ ವಾಕ್ಯ ತರಬೇತಿ ಕೇಂದ್ರದವರದು. ‘ಗ್ಯಾಪ್ ಕಾಣಿಸಬಾರದು ಎಂದರು, ಫಾದರ್’ ಎಂದಳು.

ವಾಸ್ತವ ಹೀಗಿತ್ತು. ಕೊಲ್ಲಿ ರಾಷ್ಟ್ರದಲ್ಲಿದ್ದ ತಂದೆ ಮೂತ್ರಪಿಂಡ ಕೆಟ್ಟು ಊರಿಗೆ ಮರಳಿದ್ದರು; ವಾರಕ್ಕೆರಡು ಬಾರಿ ಡಯಾಲಿಸಿಸ್. ತಮ್ಮ ಇನ್ನೂ ಡಿಪ್ಲೊಮಾ ಓದುತ್ತಿದ್ದ. ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯುವವಳೂ, ತಾಯಿಯೊಡನೆ ಮಲ್ಲಿಗೆ ತೋಟವನ್ನು ನೋಡಿಕೊಳ್ಳುವವಳೂ ಅವಳೇ ಆಗಿದ್ದಳು. ‘ಗೃಹಿಣಿ’ಯಾದ ಆ ತಾಯಿ ನಸುಕಿಗೇ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಹೂವನ್ನು ಕಟ್ಟೆಗೆ ತಲುಪಿಸುತ್ತ ಎರಡು ದಶಕಗಳಿಂದ ಮನೆ ನಡೆಸಿದವರು.

ಉಡುಪಿ ಸೀಮೆಯವರಿಗೆ ಈ ವ್ಯವಹಾರ ಹೊಸತಲ್ಲ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದಿನದ ದರ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಮದುವೆಯ ದಿನಗಳಲ್ಲಿ ಏರುವ ದರ, ಶುಭಕಾರ್ಯಗಳಿಲ್ಲದ ಆಟಿ ತಿಂಗಳಲ್ಲಿ ಕುಸಿಯುತ್ತದೆ. ಅರಳಿದ ಹೂವು ನಾಳೆಗೆ ಉಳಿಯುವ ಸರಕಲ್ಲ. ಬೇಡಿಕೆ, ಪೂರೈಕೆ, ಸಾಗಣೆ, ನಷ್ಟದ ಭಯ, ಹೀಗೆ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ ಎರಡು ವರ್ಷ ಕಲಿಸುವ ವಿಷಯಗಳಲ್ಲಿ ಎಷ್ಟೋ ಆ ಅಂಗಳದಲ್ಲಿದ್ದವು. ಮಗಳು ಅವನ್ನೆಲ್ಲ ಮುಚ್ಚಿಟ್ಟು, ತಾನು ಎಂದೂ ಮಾಡದ ಕೆಲಸವೊಂದನ್ನು ಹೊದ್ದುಕೊಂಡು ಹೊರಟಿದ್ದಳು.

ನಮ್ಮ ಬ್ಯಾಂಕ್ ಮ್ಯಾನೇಜರರು ಮೆಲ್ಲನೆ ಕೇಳಿದರು: ‘ಸಲಹೆ ಯಾರಿಗೆ ಕೊಟ್ಟೆಯಮ್ಮಾ? ಎಷ್ಟು ಗಿರಾಕಿಗಳು? ಬಿಲ್ಲು ಇದೆಯೇ?’ ಮೂರನೆಯ ಪ್ರಶ್ನೆಗೆ ಅವಳ ಕಣ್ಣು ತುಂಬಿತು. ನಿಜವಾದ ಕೋಣೆಯಲ್ಲಿ ಅದೇ ಪ್ರಶ್ನೆಗಳು ಬರುತ್ತಿದ್ದವು; ದಾಖಲೆಗಳ ಪರಿಶೀಲನೆಯೂ ಇರುತ್ತದೆ. ಸುಳ್ಳು ಹೊರಬಿದ್ದರೆ ದೊರೆತ ಸ್ಥಾನವೂ ಹೋದೀತು. ಆದರೆ ಹೊರಬೀಳದಿದ್ದರೂ ಅದು ಸುಳ್ಳೇ ಎಂಬುದನ್ನು ಅವಳಿಗೆ ನಾವು ಹೇಳದೆ ಬಿಡಲಿಲ್ಲ. ಕರಡಿನ ಆ ಸಾಲನ್ನು ಅವಳೇ ಹೊಡೆದುಹಾಕಿ ‘ತಂದೆಯ ಆರೈಕೆ; ಮನೆಯ ಮಲ್ಲಿಗೆ ಕೃಷಿಯ ನಿರ್ವಹಣೆ’ ಎಂದು ಬರೆದಳು. ತಾಯಿಯ ಹೆಸರಿನ ಮುಂದೆ ‘ಕೃಷಿಕರು’ ಎಂದಾಯಿತು.

ಸತ್ಯವನ್ನು ಬರೆದರೆ ಸಾಲದು, ಪ್ರಶ್ನೆಯೆದುರು ಅದನ್ನು ಎತ್ತಿ ಹಿಡಿಯಲೂ ಬರಬೇಕು. ಇಲ್ಲಿ ನಮಗೆ ನೆರವಾದುದು ಗುರುಮಠದಲ್ಲಿ ಕಲಿತ ಹಳೆಯ ತತ್ತ್ವಶಾಸ್ತ್ರ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ ‘ಸುಮ್ಮಾ ಥಿಯೊಲಾಜಿಕಾ’ದಲ್ಲಿ ಯಾವುದೇ ಪ್ರಶ್ನೆಯನ್ನೆತ್ತಿದರೂ ಮೊದಲು ಬರೆಯುವುದು ತಮ್ಮ ಅಭಿಪ್ರಾಯವನ್ನಲ್ಲ, ಅದಕ್ಕೆ ವಿರುದ್ಧವಾದ ವಾದಗಳನ್ನು. ತಮ್ಮ ಉತ್ತರ ಬರುವುದು ಆಮೇಲೆ. ಕೊನೆಯಲ್ಲಿ ಆ ಆಕ್ಷೇಪಗಳಿಗೆ ಒಂದೊಂದಾಗಿ ಸಮಾಧಾನ. ಆಗಿನ ವಿಶ್ವವಿದ್ಯಾಲಯಗಳಲ್ಲಿ ಬಾಯಿಮಾತಿನಲ್ಲಿ ನಡೆಯುತ್ತಿದ್ದ ವಾದಸಭೆಗಳ ಕ್ರಮವಿದು. ಮೂವರು ಪ್ರಾಧ್ಯಾಪಕರ ಮುಂದೆ ಮೌಖಿಕ ಪರೀಕ್ಷೆಗೆ ಕುಳಿತಿದ್ದ ನಮ್ಮ ತರುಣ ದಿನಗಳಲ್ಲಿ ಇದು ಬರಿಯ ಗ್ರಂಥವಿಷಯವಾಗಿರಲಿಲ್ಲ. ಆಕ್ಷೇಪವನ್ನು ಶತ್ರುವೆಂದು ಕಾಣದೆ, ಅದರಲ್ಲಿ ಒಪ್ಪತಕ್ಕದ್ದನ್ನು ಒಪ್ಪಿ, ಒಪ್ಪಲಾಗದ್ದನ್ನು ಬೇರ್ಪಡಿಸಿ ಹೇಳುವ ಅಭ್ಯಾಸವನ್ನು ಅವಳಿಗೆ ನಾಲ್ಕು ಶನಿವಾರ ಮಾಡಿಸಿದೆವು. ಉಪನ್ಯಾಸಕಿ ಪದವಿಯ ಪಠ್ಯಗಳನ್ನು ಮತ್ತೆ ಓದಿಸಿದರು. ಪತ್ರಿಕೆ ಓದುವುದನ್ನು ನಾವು ಹೇಳಬೇಕಾಗಿರಲಿಲ್ಲ. ಆ ಮನೆಯಲ್ಲಿ ಪತ್ರಿಕೆ ತಪ್ಪಿದ ದಿನವಿಲ್ಲ.

ಫೆಬ್ರವರಿಯಲ್ಲಿ ನಡೆದ ಸಂದರ್ಶನದ ವಿವರವನ್ನು ಅವಳ ಬಾಯಿಂದಲೇ ಕೇಳಿದೆವು. ‘ನಿಮ್ಮ ಬಗ್ಗೆ ಹೇಳಿ’ ಎಂಬ ಮೊದಲ ಪ್ರಶ್ನೆಗೆ ಅವಳು ಎರಡೇ ನಿಮಿಷ ಮಾತನಾಡಿದಳು. ಮಲ್ಲಿಗೆ ಎಂಬ ಮಾತು ಬಂದೊಡನೆ ಒಬ್ಬರು ಮುಂದಕ್ಕೆ ಬಾಗಿ ಕೇಳಿದರಂತೆ: ‘ಹೊಸ ಗಿಡ ನೆಡುವ ಖರ್ಚು ಬಂಡವಾಳ ವೆಚ್ಚವೋ, ಕಂದಾಯ ವೆಚ್ಚವೋ?’ ಗಿಡವು ವರ್ಷಗಟ್ಟಲೆ ಹೂ ಕೊಡುವುದರಿಂದ ಅದು ಬಂಡವಾಳ ವೆಚ್ಚ, ಪ್ರತಿವರ್ಷ ಹಾಕುವ ಗೊಬ್ಬರ ಮತ್ತು ಹಿಂಡಿ ಕಂದಾಯ ವೆಚ್ಚ ಎಂದಳು. ಎಲ್ಲರಿಗೂ ಒಂದೇ ದರವಾದರೆ ಒಳ್ಳೆಯ ಹೂ ಬೆಳೆಯುವವನಿಗೆ ಲಾಭವೇನು ಎಂದು ಇನ್ನೊಬ್ಬರು ಕೇಳಿದರು. ಅವಳಿಗೆ ಉತ್ತರ ಹೊಳೆಯಲಿಲ್ಲ. ‘ಇದನ್ನು ನಾನು ಯೋಚಿಸಿರಲಿಲ್ಲ, ಸರ್’ ಎಂದಳು. ಅವರು ನಕ್ಕು, ಯೋಚಿಸಲು ಒಂದು ನಿಮಿಷ ಕೊಟ್ಟರು.

ಕೊನೆಗೆ ಮೂರನೆಯವರು, ಅದುವರೆಗೆ ಸುಮ್ಮನಿದ್ದವರು, ಕೇಳಿದರು: ‘ಮನೆಯ ತೊಂದರೆಗಾಗಿ ಒಮ್ಮೆ ಕೆಲಸ ಬಿಟ್ಟಿರಿ. ನಾಳೆ ಮತ್ತೆ ತೊಂದರೆಯಾದರೆ ಈ ಓದನ್ನೂ ಬಿಡುತ್ತೀರಲ್ಲವೇ?’

‘ನಿಮ್ಮ ಸಂಶಯ ನ್ಯಾಯವಾದದ್ದು, ಸರ್’ ಎಂದಳಂತೆ. ‘ತೊಂದರೆ ಬರುವುದೇ ಇಲ್ಲವೆಂದು ನಾನು ಮಾತು ಕೊಡಲಾರೆ. ಆದರೆ ಆಗ ಮನೆಯಲ್ಲಿ ದುಡಿಯುವ ಪ್ರಾಯದವಳು ನಾನೊಬ್ಬಳೇ ಇದ್ದೆ. ಈಗ ತಮ್ಮನಿಗೆ ಊರಿನಲ್ಲೇ ಕೆಲಸ ಸಿಕ್ಕಿದೆ. ಆಸ್ಪತ್ರೆಯ ದಿನಗಳನ್ನು ಆರು ತಿಂಗಳಿಂದ ಅವನೇ ನೋಡಿಕೊಳ್ಳುತ್ತಿದ್ದಾನೆ. ಅದನ್ನು ಗೊತ್ತುಮಾಡಿಕೊಂಡ ಮೇಲೆಯೇ ನಾನು ಪರೀಕ್ಷೆಗೆ ಕುಳಿತದ್ದು.’

ಆ ಸಂಸ್ಥೆ ಅವಳನ್ನು ಆರಿಸಲಿಲ್ಲ. ಇನ್ನೊಂದು ಸಂಸ್ಥೆ ಕಾಯುವವರ ಪಟ್ಟಿಯಲ್ಲಿ ಹೆಸರನ್ನಿಟ್ಟು ಅಲ್ಲಿಗೇ ಬಿಟ್ಟಿತು. ಬಹುಮಟ್ಟಿಗೆ ಇವೇ ಪ್ರಶ್ನೆಗಳು ಬಂದ ಮೂರನೆಯ ಸಂಸ್ಥೆಯಿಂದ ಮೇ ತಿಂಗಳಲ್ಲಿ ಪ್ರವೇಶಪತ್ರ ಬಂತು.

ಆಗ ತಾಯಿ ನಮ್ಮ ಬಳಿಗೆ ಬಂದರು. ಇಂತಹ ಸಂಸ್ಥೆಗಳಲ್ಲಿ ಎರಡು ವರ್ಷದ ಶುಲ್ಕ ಇಪ್ಪತ್ತು ಇಪ್ಪತ್ತೈದು ಲಕ್ಷದವರೆಗೂ ಹೋಗುತ್ತದೆ. ಬ್ಯಾಂಕ್ ಮ್ಯಾನೇಜರರು ಸಾವಧಾನವಾಗಿ ವಿವರಿಸಿದರು: ಹೆಸರಾಂತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ, 2024ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ನೀಡಿದ ವಿದ್ಯಾಲಕ್ಷ್ಮಿ ಯೋಜನೆಯೂ ಇದೆ, ಓದು ಮುಗಿಯುವವರೆಗೆ ಕಂತು ಇಲ್ಲ, ಆದರೆ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಆ ತಾಯಿ ಎಲ್ಲವನ್ನೂ ಕೇಳಿ, ‘ಅದು ಎಷ್ಟು ಅಟ್ಟೆ ಆಗುತ್ತದೆ, ಫಾದರ್?’ ಎಂದರು. ಮಗಳು ಅಲ್ಲಿಯೇ ಕಾಗದದ ಮೇಲೆ ಲೆಕ್ಕ ಹಾಕಿದಳು. ಇಪ್ಪತ್ತೈದು ಲಕ್ಷವೆಂದೇ ಇಟ್ಟುಕೊಂಡು, ಅಟ್ಟೆಗೆ ಐನೂರು ರೂಪಾಯಿ ಹಿಡಿದರೂ ಐದು ಸಾವಿರ ಅಟ್ಟೆ.

ತಾಯಿ ಆ ಕಾಗದವನ್ನು ಒಂದಿಷ್ಟು ಹೊತ್ತು ನೋಡಿದರು. ‘ಇದು ನನ್ನ ಗಿಡಗಳಿಂದ ಆಗುವುದಲ್ಲ, ಮಗಾ. ನೀನೇ ತೀರಿಸಬೇಕು’ ಎಂದು ಹೇಳಿ, ಅರ್ಜಿಯಲ್ಲಿ ಎಲ್ಲಿ ಸಹಿ ಹಾಕಬೇಕೆಂದು ಮ್ಯಾನೇಜರರನ್ನು ಕೇಳಿದರು.